ಈ ಬೇಸಿಗೆ ಹೇಗಿರಬಹುದು? ಸೆಕೆ, ಕಾಡ್ಗಿಚ್ಚಿನ ಹೊಗೆ, ಗುಡುಗು ಮಳೆ: ಮಹಾ ಸರೋವರಗಳ ಸೀಮೆಯ ಕನ್ನಡಿಗರಿಗೆ

ಸರೋವರದ_ಬದಿ (ಮಿನಿಯಾಪೊಲಿಸ್)

ಎಲ್ಲರಿಗೂ ನಮಸ್ಕಾರ. ಮೇ ತಿಂಗಳು ಬಂತು. ಊರಿನಿಂದ ಅಪ್ಪ-ಅಮ್ಮ ಬರುವ ಕಾಲ, ಮಕ್ಕಳಿಗೆ ರಜೆ ಶುರುವಾಗುವ ಕಾಲ. ಈ ಸಲದ ಬೇಸಿಗೆ ಹೇಗೆ ಎಂದು ನಾಲ್ಕೈದು ಜನ ಕೇಳಿದರು. ನಾನು ಹವಾಮಾನ ತಜ್ಞನಲ್ಲ. ಇಲ್ಲಿ ಹನ್ನೊಂದು ಬೇಸಿಗೆ ಕಳೆದಿದ್ದೇನೆ, ದಿನಾ ಬೆಳಿಗ್ಗೆ ನಕ್ಷೆ ನೋಡುತ್ತೇನೆ. ಗೊತ್ತಿರುವಷ್ಟನ್ನು ಬರೆಯುತ್ತೇನೆ.

ಮೂರು ತಿಂಗಳ ಮುನ್ನೋಟದ ಬಣ್ಣದ ನಕ್ಷೆಯನ್ನು ತುಂಬಾ ಜನ ತಪ್ಪಾಗಿ ಓದುತ್ತಾರೆ. ಅಮೆರಿಕದ ಕ್ಲೈಮೇಟ್ ಪ್ರಿಡಿಕ್ಷನ್ ಸೆಂಟರ್ ಪ್ರತಿ ತಿಂಗಳ ಮೂರನೇ ಗುರುವಾರ ಅದನ್ನು ಹೊರತರುತ್ತದೆ. ಅದರಲ್ಲಿ ಮೂರು ಪಾಲು: ವಾಡಿಕೆಗಿಂತ ಬಿಸಿ, ವಾಡಿಕೆಯಷ್ಟು, ವಾಡಿಕೆಗಿಂತ ತಂಪು. ಯಾವ ಕಡೆಗೂ ಸುಳಿವು ಇಲ್ಲದಿದ್ದರೆ ಮೂರಕ್ಕೂ ಸಮ, ತಲಾ ಶೇ 33. ನಮ್ಮ ಸೀಮೆಯ ಮೇಲೆ ಕಿತ್ತಳೆ ಬಣ್ಣ ಬಳಿದು 40 ಎಂದು ಬರೆದಿದ್ದರೆ, ಬಿಸಿ ಬೇಸಿಗೆಯ ಸಾಧ್ಯತೆ 33ರಿಂದ 40ಕ್ಕೆ ಏರಿದೆ ಎಂದಷ್ಟೇ ಅರ್ಥ. ಎಷ್ಟು ಬಿಸಿ, ಯಾವ ವಾರ ಬಿಸಿ ಎಂದು ಅದು ಹೇಳುವುದಿಲ್ಲ. ಇನ್ನೂ ಒಂದು ವಿಷಯ. ಅದು ಮೂರು ತಿಂಗಳ ಸರಾಸರಿ. ಜುಲೈನಲ್ಲಿ ಆರು ದಿನ ಉಸಿರು ಕಟ್ಟುವ ಸೆಕೆ ಬಂದು, ಆಗಸ್ಟ್ ತಂಪಾಗಿ ಹೋದರೆ ಆ ಆರು ದಿನ ಸರಾಸರಿಯಲ್ಲಿ ಕಾಣುವುದೇ ಇಲ್ಲ. ಹೊಗೆಯಂತೂ ಆ ನಕ್ಷೆಯಲ್ಲಿ ಇಲ್ಲವೇ ಇಲ್ಲ.

ಹಾಗಾಗಿ ನಾನು ಬೇಸಿಗೆಯನ್ನು ಬೇರೆ ತರ ನೋಡುತ್ತೇನೆ. ಸೆಕೆ, ಗುಡುಗು, ಹೊಗೆ ಮೂರನ್ನೂ ನಾವು ಬೇರೆ ಬೇರೆ ತೊಂದರೆ ಎಂದುಕೊಳ್ಳುತ್ತೇವೆ. ಆದರೆ ಎಷ್ಟೋ ಸಲ ಅವು ಒಂದೇ ವಾರದಲ್ಲಿ ಒಂದರ ಬೆನ್ನಿಗೆ ಒಂದು ಬರುತ್ತವೆ.

ಮೇಲಿನ ಆಕಾಶದಲ್ಲಿ ಹೆಚ್ಚು ಒತ್ತಡದ ಗಾಳಿಯ ದೊಡ್ಡ ಗುಡ್ಡೆಯೊಂದು ಬಂದು ಕೂರುತ್ತದೆ. ಅದರ ಅಡಿಯಲ್ಲಿ ಗಾಳಿ ಕೆಳಕ್ಕೆ ಇಳಿದು, ಒತ್ತಿಕೊಂಡು ಬಿಸಿಯಾಗುತ್ತದೆ. ಮೋಡ ಕಟ್ಟಲು ಬಿಡುವುದಿಲ್ಲ. ಅದು ಸೆಕೆ. ಗುಡ್ಡೆಯ ಉತ್ತರದ ಅಂಚಿನಲ್ಲಿ ಗುಡುಗು ಮಳೆಯ ಸಾಲುಗಳು ಓಡುತ್ತವೆ. ಇಲ್ಲಿನವರು ಇದಕ್ಕೆ ರಿಂಗ್ ಆಫ್ ಫೈರ್ ಅನ್ನುತ್ತಾರೆ. ಹೆಸರಲ್ಲಿ ಬೆಂಕಿ ಇದೆ, ಆದರೆ ಅದು ಮಳೆಯ ಸಾಲು. ಕೊನೆಗೆ ಗುಡ್ಡೆ ಜರುಗಿದಾಗ ವಾಯವ್ಯದಿಂದ ತಂಪು ಗಾಳಿ ನುಗ್ಗುತ್ತದೆ. ಆ ಗಾಳಿ ಬರುವುದು ಕೆನಡಾದ ಮ್ಯಾನಿಟೋಬಾ, ಸಸ್ಕ್ಯಾಚೆವಾನ್, ವಾಯವ್ಯ ಒಂಟಾರಿಯೊ ಕಾಡುಗಳ ಮೇಲಿಂದ. ಅಲ್ಲಿ ಬೆಂಕಿ ಇದ್ದರೆ ಹೊಗೆಯೂ ಜೊತೆಗೇ ಬರುತ್ತದೆ.

ನಾನು ಹೇಳಬೇಕಾಗಿರುವುದು ಇದೇ. ವಾರವಿಡೀ ಬೆಂದು, ಮಳೆ ಸುರಿದು, ಬೆಳಿಗ್ಗೆ ತಣ್ಣಗೆ ಗಾಳಿ ಬೀಸಿದ ತಕ್ಷಣ ನಾವು ಮನೆಯ ಕಿಟಕಿಗಳನ್ನೆಲ್ಲ ತೆರೆಯುತ್ತೇವೆ. ಹೊಗೆ ಒಳಗೆ ಬರುವುದು ಸರಿಯಾಗಿ ಆಗಲೇ. ತಂಪು ಗಾಳಿಗೆ ಕಿಟಕಿ ತೆರೆಯುವ ಮುಂಚೆ ಗಾಳಿಯ ಗುಣಮಟ್ಟದ ಸಂಖ್ಯೆ ನೋಡಿ.

ಹೊಸಬಳು_ಶಿಕಾಗೊ

ತುಂಬಾ ಒಳ್ಳೆಯದಾಯ್ತು ಇದನ್ನು ಬರೆದದ್ದು. ನಾವು ಇಲ್ಲಿಗೆ ಬಂದು ಒಂದೇ ವರ್ಷ. ಜೂನ್ ಮೊದಲ ವಾರ ಅತ್ತೆ-ಮಾವ ಬರುತ್ತಿದ್ದಾರೆ. ಮಾವನಿಗೆ 74, ಬಿಪಿ ಇದೆ. ಅತ್ತೆಗೆ ಸ್ವಲ್ಪ ಆಸ್ತಮಾ. ನಮ್ಮದು ಮೂರನೇ ಮಹಡಿ, ಅದೇ ಕೊನೆಯದು. ಮಾವ ಫೋನಿನಲ್ಲಿ "ನಾವು ರಾಯಚೂರಿನ ಬಿಸಿಲು ನೋಡಿದವರು, ಅಮೆರಿಕದ ಸೆಕೆ ಏನು ಮಾಡೀತು" ಅಂದರು. ಅವರಿಗೆ ಏನು ಹೇಳಲಿ?

ಇನ್ನೊಂದು ಪ್ರಶ್ನೆ. ಮಳೆ ಬಂದರೆ ಹೊಗೆ ತೊಳೆದು ಹೋಗುತ್ತದೆ ಅಲ್ವಾ?

ಸರೋವರದ_ಬದಿ

ಮಳೆಯ ಪ್ರಶ್ನೆಗೆ ಮೊದಲು. ಮಳೆ ಬೀಳುವಾಗ ಸ್ವಲ್ಪ ತೊಳೆಯುತ್ತದೆ, ನಿಜ. ಆದರೆ ಮಳೆ ತೊಳೆದ ಗಾಳಿ ಅಲ್ಲೇ ನಿಂತಿರುವುದಿಲ್ಲ. ಮೂರು ಗಂಟೆಯಲ್ಲಿ ಅದು ಮುಂದೆ ಹೋಗಿರುತ್ತದೆ. ಹಿಂದಿನಿಂದ ಬರುವ ಗಾಳಿ ಬೇರೆಯದೇ. ಆ ಗಾಳಿ ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಬರುವುದರಿಂದ ಎತ್ತರದಲ್ಲಿದ್ದ ಹೊಗೆಯನ್ನೂ ನೆಲದ ಮಟ್ಟಕ್ಕೆ ತರುತ್ತದೆ. ಆಕಾಶ ಬಿಳಿಚಿಕೊಂಡು ಸೂರ್ಯ ಕೆಂಪಾಗಿದ್ದರೂ ಕೆಳಗಿನ ಗಾಳಿ ಚೆನ್ನಾಗಿರಬಹುದು, ಆಗ ಹೊಗೆ ಮೇಲೆ ಇದೆ ಎಂದರ್ಥ. ಅದು ಇಳಿದ ದಿನ ಮೂಗಿಗೇ ಗೊತ್ತಾಗುತ್ತದೆ.

ಮಾವನವರ ಮಾತಿಗೆ ಉತ್ತರ ಕೊಡಲು ನನಗಿಂತ ಶುಶ್ರೂಷೆ_ಕೆಲಸ ಅವರು ಸರಿ. ಅವರೂ ಶಿಕಾಗೊದವರೇ.

ಶುಶ್ರೂಷೆ_ಕೆಲಸ (ಶಿಕಾಗೊ)

ನಿಮ್ಮ ಮಾವನವರು ಹೇಳಿದ ಮಾತನ್ನೇ ನನ್ನ ಅಪ್ಪನೂ ಹೇಳಿದ್ದರು. ಅವರ ಮಾತಿನಲ್ಲಿ ತಪ್ಪಿಲ್ಲ. ಅವರು ಕಂಡ ಬಿಸಿಲು ಬೇರೆ, ಅವರು ಬಾಳಿದ ಮನೆಯೂ ಬೇರೆ.

ಇಲ್ಲಿನ ಮನೆಗಳನ್ನು ಕಟ್ಟಿರುವುದು ಚಳಿಗಾಲ ಮನಸ್ಸಿನಲ್ಲಿ ಇಟ್ಟುಕೊಂಡು. ಬಿಸಿಯನ್ನು ಒಳಗೆ ಹಿಡಿದಿಡುವುದೇ ಅವುಗಳ ಕೆಲಸ. ಎದುರು-ಬದುರು ಕಿಟಕಿ ಇರುವುದಿಲ್ಲ. ಎಷ್ಟೋ ಕಡೆ ಸೀಲಿಂಗ್ ಫ್ಯಾನ್ ಇಲ್ಲ. ಕೊನೆಯ ಮಹಡಿಯಲ್ಲಿ ಛಾವಣಿಯ ಕಾವು ರಾತ್ರಿಯೆಲ್ಲ ಇಳಿಯುತ್ತಲೇ ಇರುತ್ತದೆ.

ಎರಡನೆಯದು ತೇವ. ರಾಯಚೂರಿನ ಏಪ್ರಿಲ್ ಒಣ ಬಿಸಿಲು, ಬೆವರು ಆರುತ್ತದೆ, ಮೈ ತಂಪಾಗುತ್ತದೆ. ಇಲ್ಲಿ ಜುಲೈನಲ್ಲಿ ದಕ್ಷಿಣದ ಮೆಕ್ಸಿಕೊ ಕೊಲ್ಲಿಯ ಕಡೆಯಿಂದ ತೇವದ ಗಾಳಿ ಬರುತ್ತದೆ. ಅದರ ಮೇಲೆ ಅಯೋವಾ, ಇಲಿನಾಯ್ ಹೊಲಗಳ ಮೆಕ್ಕೆಜೋಳ ಬೇರೆ. ಮೆಕ್ಕೆಜೋಳ ಹುಲುಸಾಗಿ ಬೆಳೆಯುವ ಹೊತ್ತಿನಲ್ಲಿ ಒಂದು ಎಕರೆ ದಿನಕ್ಕೆ 3,000ದಿಂದ 4,000 ಗ್ಯಾಲನ್ ನೀರನ್ನು ಗಾಳಿಗೆ ಬಿಡುತ್ತದೆ. ಸಾವಿರಾರು ಮೈಲಿ ಹೊಲ ಇದ್ದರೆ ಎಷ್ಟು ತೇವ ಎಂದು ಯೋಚಿಸಿ. ಬೆವರು ಆರುವುದೇ ಇಲ್ಲ. ಬರೀ ಉಷ್ಣಾಂಶ ನೋಡಬೇಡಿ, ಗಾಳಿಯಲ್ಲಿ ಎಷ್ಟು ತೇವ ಇದೆ ಎಂದು ತೋರಿಸುವ ಡ್ಯೂ ಪಾಯಿಂಟ್ ನೋಡಿ. ಅದು 70 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ವಯಸ್ಸಾದವರಿಗೆ ಕಷ್ಟ. 1995ರ ಜುಲೈ 13ರಂದು ವಿಸ್ಕಾನ್ಸಿನ್‌ನ ಆಪಲ್ಟನ್‌ನಲ್ಲಿ ಅದು 90 ಮುಟ್ಟಿತ್ತು.

ಆ ದಿನವೇ ಶಿಕಾಗೊದ ಮಿಡ್‌ವೇ ವಿಮಾನ ನಿಲ್ದಾಣದಲ್ಲಿ 106 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 41 ಸೆಲ್ಸಿಯಸ್ ದಾಖಲಾಯಿತು. ಆ ಒಂದು ವಾರದ ಸೆಕೆಗೆ ಈ ನಗರದಲ್ಲಿ 700ಕ್ಕೂ ಹೆಚ್ಚು ಜನ ತೀರಿಕೊಂಡರು. ಹೆಚ್ಚಿನವರು ವಯಸ್ಸಾದವರು, ಒಂಟಿಯಾಗಿ ಇದ್ದವರು. ಕಳ್ಳರ ಭಯಕ್ಕೆ ಕಿಟಕಿ ಮುಚ್ಚಿಕೊಂಡು ಮಲಗಿದ್ದವರೂ ಇದ್ದರು. ಅವರನ್ನು ಕೊಂದದ್ದು ಮಧ್ಯಾಹ್ನದ ಬಿಸಿಲು ಮಾತ್ರ ಅಲ್ಲ. ರಾತ್ರಿಯೂ ತಂಪಾಗಲಿಲ್ಲ, ಮೈಗೆ ಸುಧಾರಿಸಿಕೊಳ್ಳಲು ಸಮಯವೇ ಸಿಗಲಿಲ್ಲ. ನಮ್ಮ ವಾರ್ಡಿನ ಹಿರಿಯ ನರ್ಸ್‌ಗಳು ಇವತ್ತಿಗೂ ಆ ವಾರದ ಬಗ್ಗೆ ಮಾತಾಡುವಾಗ ದನಿ ತಗ್ಗಿಸುತ್ತಾರೆ.

ಈಗ ನೀವು ಮಾಡಬೇಕಾದ್ದು. ಮಾವನವರ ಬಿಪಿ ಮಾತ್ರೆ ಯಾವುದು ನೋಡಿ. ನೀರು ಹೊರಹಾಕುವ ಮಾತ್ರೆ, ಬೀಟಾ ಬ್ಲಾಕರ್ ಇವೆಲ್ಲ ಸೆಕೆಯಲ್ಲಿ ಮೈಯ ತಾಳಿಕೆಯನ್ನು ತಗ್ಗಿಸುತ್ತವೆ. ನೀವಾಗೇ ನಿಲ್ಲಿಸಬೇಡಿ. ಹೊರಡುವ ಮುಂಚೆಯೇ ಅವರ ಡಾಕ್ಟರ್ ಹತ್ತಿರ ಕೇಳಿ ಬರೆಸಿಕೊಂಡು ಬನ್ನಿ. ಮನೆ ಒಳಗೆ 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಬರೀ ಫ್ಯಾನ್ ಸಾಲದು, ಅದು ಬಿಸಿ ಗಾಳಿಯನ್ನೇ ಮೈಮೇಲೆ ತಳ್ಳುತ್ತದೆ. ಎಸಿ ಒಂದು ರೂಮಿಗಾದರೂ ಇರಲಿ. ಇಲ್ಲದಿದ್ದರೆ ಆ ಮಧ್ಯಾಹ್ನ ಲೈಬ್ರರಿಗೆ ಕರೆದುಕೊಂಡು ಹೋಗಿ.

ಮತ್ತೆ ವಾಕಿಂಗ್. ನಮ್ಮ ಹಿರಿಯರಿಗೆ ಸಂಜೆ ಐದಕ್ಕೆ ಹೊರಡುವ ರೂಢಿ. ಊರಲ್ಲಿ ಆ ಹೊತ್ತಿಗೆ ಬಿಸಿಲು ಇಳಿದಿರುತ್ತದೆ. ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟಿರುತ್ತೇವೆ, ಜೂನ್‌ನಲ್ಲಿ ಕತ್ತಲಾಗುವುದೇ ಎಂಟೂವರೆ ಒಂಬತ್ತಕ್ಕೆ. ಸಂಜೆ ಐದು ಇಲ್ಲಿ ದಿನದ ಅತಿ ಬಿಸಿ ಹೊತ್ತು! ಇದನ್ನು ಅವರಿಗೆ ಬಂದ ದಿನವೇ ಹೇಳಿ.

ಹೊಸಬಳು_ಶಿಕಾಗೊ

ಸಂಜೆ ಐದರ ವಿಷಯ ನನಗೆ ಹೊಳೆದೇ ಇರಲಿಲ್ಲ. ಮಾತ್ರೆಯ ಹೆಸರು ಇವತ್ತೇ ಕೇಳುತ್ತೇನೆ. ತುಂಬಾ ಧನ್ಯವಾದ.

ಹಳೆಯ_ನಿವಾಸಿ (ಡೆಟ್ರಾಯ್ಟ್)

ನಾನು 1988ರಿಂದ ಇಲ್ಲಿದ್ದೇನೆ. ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಹೊಗೆ ಹೊಸದೇನೂ ಅಲ್ಲ. ಕೆನಡಾದ ಕಾಡು ಯಾವಾಗಲೂ ಸುಟ್ಟಿದೆ. 1950ರಲ್ಲಿ ಆಲ್ಬರ್ಟಾ, ಬ್ರಿಟಿಷ್ ಕೊಲಂಬಿಯಾ ಗಡಿಯ ಚಿಂಚಾಗಾ ಬೆಂಕಿಯ ಹೊಗೆ ಎಷ್ಟು ದಟ್ಟವಾಗಿತ್ತು ಅಂದರೆ ಸೆಪ್ಟೆಂಬರ್ 24ರಂದು ಈ ಸೀಮೆಯಲ್ಲಿ ಹಗಲಲ್ಲೇ ಕತ್ತಲಾಯಿತು. ಯುರೋಪಿನಲ್ಲೂ ಸೂರ್ಯ ನೀಲಿಯಾಗಿ ಕಂಡ. 1871ರಲ್ಲಿ ವಿಸ್ಕಾನ್ಸಿನ್‌ನ ಪೆಶ್ಟಿಗೊ ಬೆಂಕಿಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು, ಶಿಕಾಗೊ ಸುಟ್ಟ ಅದೇ ರಾತ್ರಿ. ಹಾಗಾಗಿ ಜನರನ್ನು ಹೆದರಿಸುವುದು ಬೇಡ ಅನಿಸುತ್ತದೆ.

ಉತ್ತರದ_ಗಾಳಿ (ವಿನ್ನಿಪೆಗ್)

ಸರ್, ನೀವು ಹೇಳಿದ ಇತಿಹಾಸ ಎಲ್ಲ ಸರಿ. ಕಾಡಿಗೆ ಬೆಂಕಿ ಹೊಸದಲ್ಲ. ಇಲ್ಲಿನ ಜ್ಯಾಕ್ ಪೈನ್ ಮರದ ಕಾಯಿ ಬೆಂಕಿಯ ಕಾವಿಗೇ ಬಿರಿದು ಬೀಜ ಬಿಡುತ್ತದೆ. ಆದರೆ ಅಳತೆ ಬದಲಾಗಿದೆ. 2023ರಲ್ಲಿ ಕೆನಡಾದಲ್ಲಿ ಸುಟ್ಟದ್ದು ಸುಮಾರು 1.5 ಕೋಟಿ ಹೆಕ್ಟೇರ್. ಕರ್ನಾಟಕದ ಒಟ್ಟು ವಿಸ್ತೀರ್ಣ ಸುಮಾರು 1.9 ಕೋಟಿ ಹೆಕ್ಟೇರ್. ಅಂದರೆ ನಮ್ಮ ರಾಜ್ಯದ ಮುಕ್ಕಾಲು ಭಾಗದಷ್ಟು ಕಾಡು ಒಂದೇ ವರ್ಷದಲ್ಲಿ. ಅದಕ್ಕೆ ಮುಂಚಿನ ದಾಖಲೆಯ ಹೆಚ್ಚು-ಕಡಿಮೆ ಎರಡು ಪಟ್ಟು.

ಆ ವರ್ಷ ಜೂನ್ 7ರಂದು ನ್ಯೂಯಾರ್ಕ್ ಆಕಾಶ ಕಿತ್ತಳೆಯಾಯಿತು, ಅದು ಕ್ವಿಬೆಕ್ ಹೊಗೆ. ಜೂನ್ 27ರಂದು ಶಿಕಾಗೊ ಗಾಳಿ ಜಗತ್ತಿನ ದೊಡ್ಡ ನಗರಗಳಲ್ಲೇ ಅತಿ ಕೆಟ್ಟದ್ದಾಗಿತ್ತು. 2025ರ ಮೇ ಕೊನೆಯಲ್ಲಿ ನಮ್ಮ ಮ್ಯಾನಿಟೋಬಾದಲ್ಲಿ ತುರ್ತು ಪರಿಸ್ಥಿತಿ ಸಾರಿದರು. ಫ್ಲಿನ್ ಫ್ಲಾನ್ ಪಟ್ಟಣ ಪೂರ್ತಿ ಖಾಲಿ ಮಾಡಿಸಿದರು. ಉತ್ತರದಿಂದ ಬಂದವರು ಇಲ್ಲಿ ಒಳಾಂಗಣ ಮೈದಾನಗಳಲ್ಲಿ ಮಂಚ ಹಾಕಿಕೊಂಡು ಇದ್ದರು. ನಾವು ಕೆಲವರು ಹೋಗಿ ಹೊದಿಕೆ, ಮಕ್ಕಳ ಬಟ್ಟೆ ಕೊಟ್ಟು ಬಂದೆವು. ಒಬ್ಬ ಅಜ್ಜಿ ತನ್ನ ಹಳ್ಳಿಯ ಕೆರೆಯ ಫೋಟೋ ತೋರಿಸುತ್ತಾ ಕೂತಿದ್ದರು. ಮಿನೆಸೋಟಾದಲ್ಲಿ ಇರುವ ನಿಮಗೆ ಹೊಗೆ ಅಂದರೆ ಒಂದು ಸಂಖ್ಯೆ. ಅವರಿಗೆ ಅದು ಮನೆ. ಈ ಹೊಗೆ ಬಂದಾಗ ಅದನ್ನೂ ನೆನೆಯಬೇಕು ಎಂದು ನನಗೆ ಅನಿಸುತ್ತದೆ.

ಮುನ್ನೋಟದ ಬಗ್ಗೆ: ಹೊಗೆ ಎಲ್ಲಿಗೆ ಹೋಗುತ್ತದೆ ಎಂದು ಒಂದೆರಡು ದಿನ ಮುಂಚೆ ಹೇಳಬಹುದು, ಎರಡು ತಿಂಗಳು ಮುಂಚೆ ಆಗುವುದಿಲ್ಲ. ಆದರೆ ಬೆಂಕಿ ಜಾಸ್ತಿ ಆಗಬಹುದೇ ಎಂಬುದಕ್ಕೆ ಸುಳಿವು ಇದೆ. ಚಳಿಗಾಲದಲ್ಲಿ ಹಿಮ ಕಡಿಮೆ ಬಿತ್ತೇ, ಏಪ್ರಿಲ್-ಮೇ ಒಣಗಿ ಹೋಯಿತೇ, ಮರಗಳು ಚಿಗುರುವ ಮುಂಚೆ ಜೋರು ಗಾಳಿ ಬೀಸಿತೇ ನೋಡುತ್ತೇವೆ. ಇಲ್ಲಿನ ನೆಲದಲ್ಲಿ ಕೊಳೆತ ಪಾಚಿಯ ದಪ್ಪ ಪದರ ಇದೆ. ಬೆಂಕಿ ಅದರೊಳಗೆ ಇಳಿದರೆ ಹಿಮದ ಕೆಳಗೇ ಚಳಿಗಾಲ ಕಳೆದು ಮೇ ತಿಂಗಳಲ್ಲಿ ಮತ್ತೆ ಎದ್ದು ಬರುತ್ತದೆ. ಇಲ್ಲಿನವರು ಅದನ್ನು ಜಾಂಬಿ ಬೆಂಕಿ ಅನ್ನುತ್ತಾರೆ.

ಸಿಡಿಲಿನ ಮಾತೂ ಹೇಳಿಬಿಡುತ್ತೇನೆ. ಕೆನಡಾದಲ್ಲಿ ಅರ್ಧದಷ್ಟು ಬೆಂಕಿ ಹೊತ್ತುವುದು ಸಿಡಿಲಿನಿಂದ. ಆದರೆ ಸುಟ್ಟುಹೋಗುವ ಜಾಗದಲ್ಲಿ ದೊಡ್ಡ ಪಾಲು ಆ ಸಿಡಿಲಿನ ಬೆಂಕಿಗಳದ್ದೇ, ಏಕೆಂದರೆ ಅವು ರಸ್ತೆ ಇಲ್ಲದ ದೂರದ ಕಾಡಿನಲ್ಲಿ ಹೊತ್ತಿಕೊಳ್ಳುತ್ತವೆ. ನಿಮ್ಮ ಕಡೆ ಮಳೆ ತರುವ ಗುಡುಗು ನಮ್ಮ ಕಡೆ ಹನಿ ನೀರಿಲ್ಲದೆ ಬರೀ ಸಿಡಿಲು ಹೊಡೆದು ಹೋಗಿರುತ್ತದೆ.

ಹಳೆಯ_ನಿವಾಸಿ

ಒಪ್ಪಿದೆ. ಹೆಕ್ಟೇರ್ ಲೆಕ್ಕ ನನಗೆ ಗೊತ್ತಿರಲಿಲ್ಲ. ಅಜ್ಜಿಯ ಮಾತು ಮನಸ್ಸಿಗೆ ತಟ್ಟಿತು. 2023ರ ಜೂನ್‌ನಲ್ಲಿ ನನ್ನ ಮೊಮ್ಮಗ ಎರಡು ದಿನ ಹೊರಗೆ ಆಡಿ ರಾತ್ರಿಯೆಲ್ಲ ಕೆಮ್ಮಿದ್ದ. ಧೂಳು ಇರಬೇಕು ಅಂದುಕೊಂಡು ಸುಮ್ನೆ ಬಿಟ್ಟಿದ್ದೆವು. ಯಾವ ಸಂಖ್ಯೆಗೆ ಮಕ್ಕಳನ್ನು ಒಳಗೆ ಇಟ್ಟುಕೊಳ್ಳಬೇಕು?

ಸರೋವರದ_ಬದಿ

ಅಮೆರಿಕದ ಗಾಳಿ ಗುಣಮಟ್ಟದ ಸಂಖ್ಯೆ, ಅಂದರೆ ಎಕ್ಯೂಐ, 0ಯಿಂದ 500ರವರೆಗೆ. 100 ದಾಟಿದರೆ ಕಿತ್ತಳೆ, ಮಕ್ಕಳು, ವಯಸ್ಸಾದವರು, ಆಸ್ತಮಾ ಇರುವವರು ಹೊರಗೆ ಓಡಾಟ ಕಡಿಮೆ ಮಾಡಬೇಕು. 150 ದಾಟಿದರೆ ಕೆಂಪು, ಎಲ್ಲರಿಗೂ ಒಳ್ಳೆಯದಲ್ಲ. 200 ದಾಟಿದರೆ ನೇರಳೆ, ಎಲ್ಲರೂ ಒಳಗೇ. ನಮ್ಮ ಮನೆಯಲ್ಲಿ 100ಕ್ಕೇ ಮಕ್ಕಳ ಸಾಕರ್ ಬಂದ್. ಕೆನಡಾದಲ್ಲಿ ಇರುವವರು ಗೊಂದಲ ಮಾಡಿಕೊಳ್ಳಬೇಡಿ, ಅಲ್ಲಿನ ಅಳತೆ ಬೇರೆ, ಎಕ್ಯೂಎಚ್‌ಐ ಅಂತ, ಅದು 1ರಿಂದ 10ರವರೆಗೆ, 7 ಅಂದರೆ ಆಗಲೇ ಜಾಸ್ತಿ ಅಪಾಯ.

ಏರ್‌ನೌ ಎಂಬ ಸರ್ಕಾರಿ ತಾಣದಲ್ಲಿ ಬೆಂಕಿ ಮತ್ತು ಹೊಗೆಯ ನಕ್ಷೆ ಇದೆ. ಅದರಲ್ಲಿ ಜನರ ಮನೆಗಳ ಚಿಕ್ಕ ಸೆನ್ಸರ್‌ಗಳೂ ಕಾಣುತ್ತವೆ. ಹೊಗೆ ನಿಮ್ಮ ವಾಯವ್ಯದ ಊರುಗಳಿಗೆ ಬಂದಿದ್ದರೆ ಕೆಂಪು ಚುಕ್ಕೆಗಳು ಮುಂಚೆಯೇ ಸಾಲಾಗಿ ಕಾಣುತ್ತವೆ. ನಮ್ಮ ವಾಯವ್ಯಕ್ಕಿರುವ ಫಾರ್ಗೊ ಕೆಂಪಾದರೆ ನಾನು ಮಿನಿಯಾಪೊಲಿಸ್‌ನಲ್ಲಿ ಕಿಟಕಿ ಮುಚ್ಚುತ್ತೇನೆ.

ಶುಶ್ರೂಷೆ_ಕೆಲಸ

ಹೊಗೆಯ ದಿನ ಮನೆಯೊಳಗಿನ ಗಾಳಿಯ ಬಗ್ಗೆ ಒಂದು ಮಾತು. ಹೊಗೆಯ ಕಣ 2.5 ಮೈಕ್ರಾನ್‌ಗಿಂತಲೂ ಚಿಕ್ಕದು. ಕೂದಲು ಅದಕ್ಕಿಂತ ಸುಮಾರು 30 ಪಟ್ಟು ದಪ್ಪ. ಮೂಗು ಅದನ್ನು ತಡೆಯುವುದಿಲ್ಲ, ಬಟ್ಟೆಯ ಮಾಸ್ಕ್ ಕೂಡ ಅಷ್ಟೇ. ಎನ್95 ಬೇಕು, ಮುಖಕ್ಕೆ ಬಿಗಿಯಾಗಿ ಕೂರಬೇಕು.

ಅಂಥ ದಿನ ಒಳಗೆ ಅಗರಬತ್ತಿ, ಧೂಪ ಬೇಡ. ಜೋರು ಒಗ್ಗರಣೆ, ಕರಿಯುವುದೂ ಬೇಡ. ಒಲೆಯ ಮೇಲಿನ ಫ್ಯಾನ್ ಹಾಕಿದರೆ ಅದು ಒಳಗಿನ ಗಾಳಿಯನ್ನು ಹೊರಗೆ ತಳ್ಳುತ್ತದೆ, ಅಷ್ಟೇ ಗಾಳಿ ಸಂದಿಗಳಿಂದ ಹೊಗೆಯ ಜೊತೆ ಒಳಗೆ ಬರುತ್ತದೆ. ಕಿಟಕಿ ಮುಚ್ಚಿದ ಮನೆಯಲ್ಲಿ ಎರಡು ಅಗರಬತ್ತಿ ಹಚ್ಚಿದಾಗ ನನ್ನ ಮೀಟರ್ ಎಷ್ಟು ಏರಿತು ಎಂದು ನೋಡಿ ನನಗೇ ಗಾಬರಿಯಾಯಿತು. ನಮ್ಮ ಅಮ್ಮನಿಗೆ ದೀಪ ಮಾತ್ರ ಹಚ್ಚೋಣ ಅಂದೆ, ಒಪ್ಪಿದರು.

ಫಿಲ್ಟರ್ ಯಂತ್ರ ಕೊಳ್ಳಲು ಆಗದವರು ಚೌಕದ ಬಾಕ್ಸ್ ಫ್ಯಾನ್‌ಗೆ ಸಣ್ಣ ಕಣಗಳನ್ನೂ ಹಿಡಿಯುವ ದರ್ಜೆಯ (ಎಂಇಆರ್‌ವಿ 13) ನಾಲ್ಕು ಫಿಲ್ಟರ್‌ಗಳನ್ನು ಟೇಪಿನಲ್ಲಿ ಪೆಟ್ಟಿಗೆ ತರ ಅಂಟಿಸಿ. ಇದು ನಿಜವಾಗಿಯೂ ಕೆಲಸ ಮಾಡುತ್ತದೆ. ಮಲಗುವ ರೂಮಿನಲ್ಲಿ ಇಡಿ.

ಬಾಡಿಗೆ_ಮನೆ (ಮಿಲ್ವಾಕಿ)

ಸೆಕೆಯೂ ಹೊಗೆಯೂ ಒಂದೇ ದಿನ ಬಂದರೆ? ಕಳೆದ ಬೇಸಿಗೆ ನಮಗೆ ಹಾಗೇ ಆಯಿತು. ಎಸಿ ಕೆಟ್ಟಿತ್ತು. ಅಪಾರ್ಟ್‌ಮೆಂಟ್ ಆಫೀಸಿಗೆ ಮೂರು ಸಲ ಬರೆದೆ, ಒಂಬತ್ತು ದಿನ ಯಾರೂ ಬರಲಿಲ್ಲ. ಕಿಟಕಿ ತೆರೆದರೆ ಹೊಗೆ, ಮುಚ್ಚಿದರೆ ಕುದಿ. ಪಾಪುಗೆ ಆಗ ಏಳು ತಿಂಗಳು. ರಾತ್ರಿ ಎರಡಕ್ಕೆ ಕಾರಿನಲ್ಲಿ ಎಸಿ ಹಾಕಿಕೊಂಡು ಸುತ್ತಾಡಿದ್ದೇವೆ.

ಶುಶ್ರೂಷೆ_ಕೆಲಸ

ಓದಿ ತುಂಬಾ ಬೇಜಾರಾಯಿತು. ನೀವು ಮಾಡಿದ್ದು ಸರಿ. ಎರಡೂ ಒಟ್ಟಿಗೆ ಬಂದರೆ ಮೊದಲು ಸೆಕೆಯನ್ನು ನೋಡಿಕೊಳ್ಳಿ, ಅದು ಗಂಟೆಗಳಲ್ಲಿ ಪ್ರಾಣ ತೆಗೆಯುತ್ತದೆ. ಎಸಿ ಇರುವ ಯಾರ ಮನೆಗಾದರೂ ಹೋಗಿಬಿಡಿ, ಸಂಕೋಚ ಬೇಡ. ಕಾರಿನಲ್ಲಿ ಹೋಗುವಾಗ ಹೊರಗಿನ ಗಾಳಿ ಒಳಗೆ ಬರದಂತೆ ಒಳಗಾಳಿಯ ಗುಂಡಿ ಒತ್ತಿ.

ಉತ್ತರದ_ಗಾಳಿ

ಮಿಲ್ವಾಕಿಯಲ್ಲಿ ನನ್ನ ತಂಗಿ ಇದ್ದಾಳೆ, ಅವರದು ನೆಲಮಾಳಿಗೆ ಇರುವ ಮನೆ. ನನಗೆ ಸಂದೇಶ ಕಳಿಸಿ, ಅವಳಿಗೆ ಹೇಳಿರುತ್ತೇನೆ. ಪಾಪುವನ್ನು ಕರೆದುಕೊಂಡು ಯಾವ ಹೊತ್ತಿಗಾದರೂ ಹೋಗಬಹುದು.

ಕಪ್ಪುಮೋಡ (ಸೀಡರ್ ರಾಪಿಡ್ಸ್, ಅಯೋವಾ)

ಗುಡುಗಿನ ಬಗ್ಗೆ ಯಾರೂ ಹೆಚ್ಚು ಹೇಳಲಿಲ್ಲ, ನಾನು ಹೇಳುತ್ತೇನೆ. ಊರಿನಲ್ಲಿ ನಮಗೆ ಗುಡುಗು ಅಂದರೆ ಸಂಜೆಯ ಮಳೆ. ಇಲ್ಲಿ ಬೇಸಿಗೆಯಲ್ಲಿ ಗುಡುಗು ಹೆಚ್ಚಾಗಿ ರಾತ್ರಿ ಬರುತ್ತದೆ. ಸಂಜೆ ಡಕೋಟಾ ಕಡೆ ಹುಟ್ಟಿ, ಕತ್ತಲಾದ ಮೇಲೆ ದಕ್ಷಿಣದಿಂದ ಬೀಸುವ ತೇವದ ಗಾಳಿ ಕುಡಿದು ಬಲಿತು, ನಾವು ಮಲಗಿರುವಾಗ ಬಂದು ಬೀಳುತ್ತದೆ. ಆದ್ದರಿಂದ ಫೋನ್ ಸೈಲೆಂಟ್‌ನಲ್ಲಿ ಇಟ್ಟು ಮಲಗಬೇಡಿ. ತುರ್ತು ಎಚ್ಚರಿಕೆಯ ಸದ್ದು ಆನ್ ಇರಲಿ.

2020ರ ಆಗಸ್ಟ್ 10 ನಾನು ಮರೆಯುವುದಿಲ್ಲ. ಅದು ಬಂದದ್ದು ಹಗಲಲ್ಲಿ, ಮಧ್ಯಾಹ್ನ. ಮೊದಲು ಆಕಾಶ ಕಪ್ಪಾಯಿತು, ಆಮೇಲೆ ಗಾಳಿ. ಬಿರುಗಾಳಿ ಅಂದರೆ ಐದು ನಿಮಿಷ ಅಂದುಕೊಂಡಿದ್ದೆ. ಮುಕ್ಕಾಲು ಗಂಟೆ ನಿಲ್ಲಲಿಲ್ಲ. ಅತಿ ಜೋರಾದ ಕಡೆ ಗಂಟೆಗೆ 140 ಮೈಲಿ ಎಂದು ಆಮೇಲೆ ಅಂದಾಜು ಮಾಡಿದರು. ನಮ್ಮ ಬೀದಿಯ ಮರಗಳೆಲ್ಲ ಒಂದೇ ದಿಕ್ಕಿಗೆ ಮಲಗಿದ್ದವು. ಹತ್ತು ದಿನ ಕರೆಂಟ್ ಇರಲಿಲ್ಲ. ಅದೂ ಸೆಕೆಯ ಆಗಸ್ಟ್‌ನಲ್ಲಿ.

ಅದರ ಹೆಸರು ಡೆರೆಚೊ. ಸ್ಪ್ಯಾನಿಷ್‌ನಲ್ಲಿ ನೇರ ಎಂದರ್ಥ. 1888ರಲ್ಲಿ ಅಯೋವಾದ ಗುಸ್ತಾವಸ್ ಹಿನ್ರಿಕ್ಸ್ ಎಂಬ ವಿಜ್ಞಾನಿ ಇಟ್ಟ ಹೆಸರು. ಸುಂಟರಗಾಳಿ ಸುತ್ತುತ್ತದೆ, ಇದು ನೇರವಾಗಿ ನೂರಾರು ಮೈಲಿ ಗುಡಿಸಿಕೊಂಡು ಹೋಗುತ್ತದೆ. ಸರೋವರದ_ಬದಿ ಹೇಳಿದ ಗುಡ್ಡೆಯ ಅಂಚಿನಲ್ಲೇ ಇದು ಓಡುವುದು. ಆದ್ದರಿಂದ ನಿಮ್ಮ ದಕ್ಷಿಣಕ್ಕೆ ಭಾರೀ ಸೆಕೆ ಕೂತಿದೆ, ನೀವು ಅದರ ಉತ್ತರದ ಅಂಚಿನಲ್ಲಿ ಇದ್ದೀರಿ ಎಂದರೆ ಆ ವಾರ ಹುಷಾರು.

ಒಕ್ಲಹೋಮಾದ ನಾರ್ಮನ್‌ನಲ್ಲಿ ಇರುವ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್ ದಿನಾ ಗುಡುಗು-ಬಿರುಗಾಳಿಯ ಅಪಾಯದ ನಕ್ಷೆ ಕೊಡುತ್ತದೆ. ಐದು ಹಂತ ಇದೆ: ಮಾರ್ಜಿನಲ್, ಸ್ಲೈಟ್, ಎನ್‌ಹಾನ್ಸ್ಡ್, ಮಾಡರೇಟ್, ಹೈ. ಸ್ಲೈಟ್ ಎಂದರೆ ಏನೂ ಇಲ್ಲ ಎಂದು ನಮ್ಮವರು ತಿಳಿಯುತ್ತಾರೆ. ಅದು ಐದರಲ್ಲಿ ಎರಡನೇ ಹಂತ, ಆ ದಿನವೂ ಮನೆ ಮೇಲೆ ಮರ ಬೀಳಬಹುದು. 2020ರ ಆ ದಿನ ಬೆಳಿಗ್ಗೆ ನಮ್ಮೂರಿಗೂ ದೊಡ್ಡ ಮಟ್ಟದ ಎಚ್ಚರಿಕೆ ಇರಲಿಲ್ಲ. ಸೀಸನ್ ಮುನ್ನೋಟ ಬಿಡಿ, ಅದೇ ದಿನ ಬೆಳಿಗ್ಗೆಯ ಮುನ್ನೋಟಕ್ಕೂ ಮಿತಿ ಇದೆ.

ಹೊಸಬಳು_ಶಿಕಾಗೊ

ಬಿರುಗಾಳಿಯ ಎಚ್ಚರಿಕೆಯ ಸೈರನ್ ಕೂಗಿದರೆ ಮೂರನೇ ಮಹಡಿಯವರು ಏನು ಮಾಡಬೇಕು?

ಕಪ್ಪುಮೋಡ

ಕೆಳಗೆ ಇಳಿಯಿರಿ. ಲಿಫ್ಟ್ ಬೇಡ, ಮೆಟ್ಟಿಲು. ಕೆಳಗಿನ ಮಹಡಿಯಲ್ಲಿ ಕಿಟಕಿ ಇಲ್ಲದ ನಡುವಿನ ಜಾಗ. ಅತ್ತೆ-ಮಾವ ಬಂದ ವಾರವೇ ಒಂದು ಸಲ ಅವರ ಜೊತೆ ಇಳಿದು ನೋಡಿ, ಎಷ್ಟು ನಿಮಿಷ ಬೇಕು ಎಂದು ತಿಳಿಯುತ್ತದೆ. ಚಪ್ಪಲಿ, ಮಾತ್ರೆ, ಟಾರ್ಚ್ ಬಾಗಿಲ ಹತ್ತಿರ ಇರಲಿ.

ಪರೀಕ್ಷೆಯ ಸೈರನ್ ಬಗ್ಗೆಯೂ ಅವರಿಗೆ ಹೇಳಿಡಿ. ಇಲಿನಾಯ್‌ನಲ್ಲಿ ತಿಂಗಳ ಮೊದಲ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ, ಮಿನೆಸೋಟಾದಲ್ಲಿ ಮೊದಲ ಬುಧವಾರ ಮಧ್ಯಾಹ್ನ ಒಂದಕ್ಕೆ. ನಾವು ಆಫೀಸಿನಲ್ಲಿ ಇರುತ್ತೇವೆ, ಅವರು ಮನೆಯಲ್ಲಿ ಇಬ್ಬರೇ. ನನ್ನ ಅಮ್ಮ ಮೊದಲ ಸಲ ಕೇಳಿದಾಗ ಒಬ್ಬರೇ ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಂದು ಗಂಟೆ ಕೂತಿದ್ದರು. ಅದು ನೆನಪಾದರೆ ಇವತ್ತಿಗೂ ಸಂಕಟವಾಗುತ್ತದೆ.

ಬಾಡಿಗೆ_ಮನೆ (ಮಿಲ್ವಾಕಿ)

ಉತ್ತರದ_ಗಾಳಿ ಅವರ ತಂಗಿಯ ಜೊತೆ ಮಾತಾಡಿದೆ. ನಮ್ಮ ಮನೆಯಿಂದ ಹನ್ನೆರಡು ನಿಮಿಷದ ದಾರಿ. ಭಾನುವಾರ ಪಾಪುವನ್ನು ಕರೆದುಕೊಂಡು ಬನ್ನಿ, ನೆಲಮಾಳಿಗೆ ನೋಡಿ ಹೋಗಿ ಅಂದರು.

ಹೊಸಬಳು_ಶಿಕಾಗೊ

ಮಾವನ ಮಾತ್ರೆ ಗೊತ್ತಾಯಿತು, ನೀರು ಹೊರಹಾಕುವುದೇ. ಶನಿವಾರ ಡಾಕ್ಟರ್ ಹತ್ತಿರ ಹೋಗುತ್ತಾರಂತೆ. ಬಾಕ್ಸ್ ಫ್ಯಾನ್ ತಂದಿದ್ದೇವೆ, ಫಿಲ್ಟರ್ ನಾಳೆ ಬರುತ್ತದೆ. ಮೆಟ್ಟಿಲು ಇಳಿಯಲು ನನಗೆ ಎರಡು ನಿಮಿಷ ಹಿಡಿಯಿತು. ಅತ್ತೆಗೆ ಆರು ಬೇಕಾಗಬಹುದು. ಕೆಳಗಿನ ಮನೆಯವರಿಗೆ ಹೇಳಿಟ್ಟಿದ್ದೇನೆ, ರಾತ್ರಿಯಾದರೂ ಬಾಗಿಲು ತಟ್ಟಿ ಅಂದರು.

ಸರೋವರದ_ಬದಿ

ಇವತ್ತು ಬೆಳಿಗ್ಗೆ ಇಲ್ಲಿ ಗಾಳಿ ವಾಯವ್ಯಕ್ಕೆ ತಿರುಗಿದೆ. ಎಕ್ಯೂಐ ಫಾರ್ಗೊದಲ್ಲಿ 62, ನಮ್ಮಲ್ಲಿ 41. ಕಿಟಕಿ ತೆರೆದಿದ್ದೇವೆ. ಮಧ್ಯಾಹ್ನ ಇನ್ನೊಮ್ಮೆ ನೋಡಿ ಇಲ್ಲೇ ಹಾಕುತ್ತೇನೆ.